ಏಳನೆಯ ಪ್ರಶ್ನೆ

ಏಪ್ರಿಲ್. ಲಿಯೆಕ್ಸಾದ ಸರೋವರದ ಮೇಲೆ ಮಂಜುಗಡ್ಡೆ
ಇನ್ನೂ ಒಡೆದಿಲ್ಲ, ಬೂದುಬಣ್ಣಕ್ಕೆ ತಿರುಗಿದೆ ಅಷ್ಟೆ.
ನಾವು ಮಾತ್ರ ಆಗಲೇ ಜೂನಿನಲ್ಲಿದ್ದೇವೆ
ಅಡುಗೆಮನೆಯ ಮೇಜಿನ ಮೇಲೆ.
ನಕಾಶೆಯ ನಾಲ್ಕು ಮೂಲೆಗೆ
ಕಾಫಿ ಡಬ್ಬಿ, ಉಪ್ಪಿನ ಬಟ್ಟಲು, ನನ್ನ ಕನ್ನಡಕ,
ಟೆಲ್ಲೆರ್ವೊಳ ಎಡಗೈ.

ಮೂರು ದಿನ ನಮ್ಮದೇ ದೋಣಿ, ನಮ್ಮದೇ ದಾರಿ.
ಮೊದಲ ರಾತ್ರಿ ಪೈನ್ ಮರಗಳ ಮರಳುದಿಬ್ಬ,
ಎರಡನೆಯದು ಮರ ತೇಲಿಸುವವರ ಹಳೆಯ ಗುಡಿಸಲು.
ಅಲ್ಲಿಯ ಒಲೆ ಹೊಗೆಯುಗುಳುತ್ತದೆ, ಬಾಗಿಲು ತೆರೆದಿಡಬೇಕು,
ತೆರೆದರೆ ಸೊಳ್ಳೆ.
ನಾಲ್ಕನೆಯ ದಿನ ನದಿ ಹಲ್ಲು ತೋರಿಸುವ ಜಾಗ.
ಅಲ್ಲಿಂದಾಚೆ ನಮ್ಮ ವಿದ್ಯೆ ನಡೆಯದು.
ಅಲ್ಲಿ ರಬ್ಬರಿನ ರಾಫ್ಟು, ಹೆಲ್ಮೆಟ್ಟು, ತಲೆಗೆ ಅರವತ್ತೆಂಟು ಯೂರೋ,
ಮತ್ತು ವೀರಾ ಎಂಬ ಇಪ್ಪತ್ಮೂರರ ಹುಡುಗಿ
ಕೂಗಿದ ಹಾಗೆ ಕೇಳುವುದು.

"ಮತ್ತೆ ದೋಣಿ?" ಎಂದಳು ಟೆಲ್ಲೆರ್ವೊ.
ಅದೇ ನೋಡಿ, ವಾರಗಟ್ಟಲೆ ನಿದ್ದೆ ಕೆಡಿಸಿದ ಲೆಕ್ಕ:
ನಾವು ಕೆಳಗೆ, ದೋಣಿ ಮೇಲೆ, ಕಾರು ಮನೆಯಂಗಳದಲ್ಲಿ.
ಫೋನಿನಲ್ಲಿ ವೀರಾ ನಕ್ಕಳು: "ಅದು ಟ್ರೇಲರಿನಲ್ಲಿ ಬರುತ್ತದೆ."
ಹಾಗಾದರೆ, ನಾವು ನೀರಿನಲ್ಲಿ ಏಟು ತಿನ್ನುವಾಗ
ಮೂವತ್ನಾಲ್ಕು ವರ್ಷದ ನಮ್ಮ ಅಲ್ಯೂಮಿನಿಯಂ ದೋಣಿ
ಡಾಂಬರು ರಸ್ತೆಯಲ್ಲಿ ಬೋರಲು ಮಲಗಿ
ಮದುವೆಮನೆಗೆ ಹೊರಟ ಸೋದರತ್ತೆಯಂತೆ
ಮೈಗೆ ಹನಿ ತಾಗದೆ ಬಂದಿಳಿಯುತ್ತದೆ.

ಅದನ್ನು ಕೊಂಡದ್ದು ನನ್ನ ಮೋಟಾರು ಸೈಕಲ್ ಮಾರಿ.
ಹಿಂದೆ ನಾನು, ಮುಂದೆ ಅವಳು.
ಅವಳ ಬೆನ್ನು ನನಗೆ ಬಾಯಿಪಾಠ:
ಎಡಭುಜ ಕೊಂಚ ತಗ್ಗು, ಕುತ್ತಿಗೆಯ ಮೇಲೊಂದು ಸುಳಿ,
ನೀರಿನ ಸುಳಿಗೂ ಮೊದಲು ನಾನು ಓದಲು ಕಲಿತ ಸುಳಿ ಅದು.
ಸಿಟ್ಟು ಬಂದರೆ ಹುಟ್ಟು ಹಾಕುವ ಸದ್ದು ಬೇರೆ.
"ಬಲಕ್ಕೆ" ಎನ್ನುತ್ತೇನೆ, ಬಲಕ್ಕೆ. "ಬಂಡೆ" ಎನ್ನುತ್ತಾಳೆ, ಬಂಡೆ.
ಒಂದು ದಾಂಪತ್ಯಕ್ಕೆ ಇಷ್ಟು ನಿಘಂಟು ಸಾಕು
ಅಂದುಕೊಂಡಿದ್ದೆ.

ನಿನ್ನೆ ಅರ್ಜಿ ಬಂತು, ರಾಫ್ಟಿನವರದ್ದು.
ಹೆಸರು. ತೂಕ; ಅವಳು ಕೈ ಅಡ್ಡ ಹಿಡಿದು ಬರೆದಳು.
ಬೂಟಿನ ಅಳತೆ. ಮೂರ್ಛೆರೋಗ ಉಂಟೇ. ಮಂಡಿನೋವು ಉಂಟೇ.
ಏಳನೆಯದು: ಈಜು ಬರುತ್ತದೆಯೇ?
ಪೆನ್ನು ಒಂದಿಷ್ಟೂ ತಡೆಯದೆ
"ಇಲ್ಲ" ಎಂಬಲ್ಲಿ ಗೀಟು ಹಾಕಿ ಎಂಟಕ್ಕೆ ಹೋಯಿತು.

ನಾನು ಕಾಫಿ ಲೋಟ ಕೆಳಗಿಟ್ಟೆ.
"ಇಲ್ಲವೇ?"
"ಇಲ್ಲ."
"ಯಾವಾಗಿನಿಂದ?"
ಎಂಥ ಪ್ರಶ್ನೆ, ಮರೆತುಹೋಗುವ ವಿದ್ಯೆಯೇ ಅದು?
"ಹುಟ್ಟಿದಾಗಿನಿಂದ," ಎಂದಳು, ತಲೆಯೆತ್ತದೆ.
"ನೀನು ಕೇಳಲಿಲ್ಲ. ಮುಂದೆ ಕೂತುಕೋ ಅಂದೆ. ಕೂತೆ.
ಕೈಗೆ ಹುಟ್ಟು ಕೊಟ್ಟೆ. ಹಿಡಿದೆ."

ಮೂವತ್ನಾಲ್ಕು ಬೇಸಿಗೆ.
ಪಿಯೆಲಿನೆನ್ ಸರೋವರದ ನಡುವೆ ಆ ಗಾಳಿಯ ಮಧ್ಯಾಹ್ನ
ಅಲೆ ಅಂಚಿಗೆ ಬಂದು ಇಣುಕಿ ಹೋದಾಗ
ಅವಳು ಹಾಡುತ್ತಿದ್ದಳು. ಖುಷಿಗೆ ಎಂದುಕೊಂಡೆ.
ಒಮ್ಮೆ ತಮಾಷೆಗೆ ನಾನೇ ದೋಣಿ ಅಲುಗಿಸಿದ್ದೂ ಉಂಟು.
ಬಿಸಿಲಲ್ಲೂ ಲೈಫ್ ಜಾಕೆಟ್ಟನ್ನು
ಗದ್ದದವರೆಗೆ ಬಿಗಿದು ಕೂರುವುದನ್ನು
ಅಂಚೆ ಕಚೇರಿಯ ಶಿಸ್ತು ಎಂದು
ಊರಿಗೆಲ್ಲ ಹೇಳಿ ನಗಿಸಿದ್ದೆ.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು
ಎನ್ನುತ್ತಾರೆ. ಇಳಿಯದೆಯೇ ಇಷ್ಟು ವರ್ಷ
ನೀರಿನ ಮೇಲೆ ಕಳೆದವಳಿಗೆ
ಯಾವ ಗಾದೆ?

ಆಳವನ್ನು ತೆಳುನೀಲಿ, ಕಡುನೀಲಿ
ಎಂದಷ್ಟೇ ಬಲ್ಲವನು, ನಕಾಶೆಯ
ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದುತ್ತೇನೆ:
ಎರಡು ಮೀಟರು. ಆರು. ಹನ್ನೊಂದು.
"ರಾಫ್ಟು ಬೇಡ," ಎಂದೆ.
"ಬೇಕು," ಎಂದಳು.
"ಆ ಹುಡುಗಿ ಮೊದಲು ಕೇಳಿ, ಆಮೇಲೆ ಕೂರಿಸುತ್ತಾಳೆ."

ಹೊರಗೆ ಎಲ್ಲೋ ಗಡ್ಡೆ ಬಿರಿದ ಸದ್ದು.
ಪೆನ್ಸಿಲ್ ಹಿಡಿದು ಮೊದಲ ದಿನದ
ಹತ್ತು ಕಿಲೋಮೀಟರು ಅಳಿಸಿದೆ.
ಮರಳುದಿಬ್ಬದ ಬಳಿ ನೀರು ಸೊಂಟದವರೆಗೆ, ತಳ ಗಟ್ಟಿ.
"ಜೂನಿನಲ್ಲಿ ಎಷ್ಟು ತಣ್ಣಗಿರುತ್ತದೆ ಅಲ್ಲಿ?"
"ಹಲ್ಲು ಕಟಕಟ ಎನ್ನುವಷ್ಟು."
ಅವಳು ಯೋಚಿಸಿದಳು. ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡು
ಉಪ್ಪುಮೀನು, ಬೆಂಕಿಪೊಟ್ಟಣ, ಸೊಳ್ಳೆಬಲೆಯ ಕೆಳಗೆ
ಬರೆದಳು: ಟವೆಲ್ಲು, ಎರಡು.
ಅದರ ಕೆಳಗೆ, ಸಣ್ಣಕ್ಷರದಲ್ಲಿ:
ಎರಡನೆಯ ದಿನದಿಂದ ನಾನು ಹಿಂದೆ.